ಹಾಲು ಬಿಟ್ಟವಳು

ಬೆಳಗ್ಗೆ ಮಗುವಿನ ಬಟ್ಟೆ ಬಿಚ್ಚಿದಾಗ ಅದರಲ್ಲಿ ಏನೂ ಇರಲಿಲ್ಲ. ಎಂದರೆ, ಇರಬೇಕಾದದ್ದೆಲ್ಲ ಇತ್ತು, ಇರಬಾರದ್ದು ಇರಲಿಲ್ಲ. ಅವಳು ಬಟ್ಟೆಯನ್ನು ಬಚ್ಚಲುಮನೆಯ ಕಿಟಕಿಯ ಬೆಳಕಿಗೆ ಒಡ್ಡಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಲುಸಾಲಾಗಿ ಓದುವವಳಂತೆ ನೋಡಿ, ಮಡಚಿ, ಬಕೆಟ್ಟಿಗೆ ಹಾಕಿದಳು. ನೆಮ್ಮದಿಯಾಗಬೇಕಿತ್ತು. ಆದದ್ದು ಬೇರೆಯೇನೋ ಎಂಬುದನ್ನು, ಯಾರದೋ ಕೈಯನ್ನು ನೋಡುವಷ್ಟು ದೂರದಿಂದ, ಗಮನಿಸಿದಳು: ಕಾದ ಬಸ್ಸು ಬಾರದೆ ಹೋದಾಗಿನಂಥ ಒಂದು ಸಣ್ಣ ಬೇಸರ. ನಿನ್ನೆ ಮಧ್ಯಾಹ್ನ ಅವಳು, ಯಾರಿಗೂ ಹೇಳದೆ, ಒಂದು ಲೋಟ ಹಾಲು ಕುಡಿದಿದ್ದಳು. ಅದರ ಫಲ ಈ ಮಗುವಿನ ಹೊಟ್ಟೆಯಲ್ಲಿ ಕಾಣಬೇಕಿತ್ತು, ಅಥವಾ ಕಾಣಬಾರದಿತ್ತು. ಎರಡರಲ್ಲಿ ಒಂದು ಖಚಿತವಾಗಬೇಕಿತ್ತು. “ಹೇಗಿದೆ?” ಎಂದು ಅಡುಗೆಮನೆಯಿಂದ ಅತ್ತೆ ಕೂಗಿ ಕೇಳಿದರು. “ಚೆನ್ನಾಗಿದೆ ಅತ್ತೆ.” “ನಾನು ಹೇಳ್ಲಿಲ್ವಾ? ಎಲ್ಲ ಮಕ್ಕಳಿಗೂ ಒಂದಲ್ಲ ಒಂದು ಬರುತ್ತೆ, ತಾನಾಗೇ ಹೋಗುತ್ತೆ. ನೀನು ಸುಮ್ನೆ ಉಪವಾಸ ಬಿದ್ದು ಕಡ್ಡಿ ಆಗ್ತಿದೀಯ.” ಮಗು ಬರಿಮೈಯಲ್ಲಿ ಟವೆಲ್ಲಿನ ಮೇಲೆ ಮಲಗಿ, ಗಾಳಿಯಲ್ಲಿ ಸೈಕಲ್ ತುಳಿಯುತ್ತ, ಅವಳ ಗಲ್ಲವನ್ನೇ ನೋಡುತ್ತಿತ್ತು. ಅದು ತನ್ನ ಕಣ್ಣನ್ನು ನೋಡುವುದಿಲ್ಲ, ಗಲ್ಲವನ್ನು ನೋಡುತ್ತದೆ ಎಂಬುದನ್ನು ಅವಳು ಬಹಳ ದಿನಗಳಿಂದ ಬಲ್ಲಳು. ಈ ವಯಸ್ಸಿನ ಮಕ್ಕಳೆಲ್ಲ ಹಾಗೆಯೇ ಇರಬಹುದು. ಇಲ್ಲದೆಯೂ ಇರಬಹುದು.

ಮೊದಲ ಸಲ ರಕ್ತ ಕಂಡಾಗ ಅದು ರಕ್ತವೆಂದೇ ತಿಳಿದಿರಲಿಲ್ಲ. ಬಟ್ಟೆಯ ಕೆಂಪು ನೂಲೊಂದು ಬಿಟ್ಟುಕೊಂಡಿದೆಯೆಂದು ಎಳೆದು ತೆಗೆಯಲು ಹೋಗಿದ್ದಳು. ನೂಲು ಬೆರಳಿಗಂಟಿ ಲೋಳೆಯಾಗಿ ಉದ್ದವಾಯಿತು. ಮಕ್ಕಳ ಡಾಕ್ಟರು ನಡುವಯಸ್ಸಿನ ಹೆಂಗಸು, ಸದಾ ನೆಗಡಿಯಾದವರಂತೆ ಮೂಗಿನಲ್ಲೇ ಮಾತಾಡುವವರು. ಮಗುವಿನ ಹೊಟ್ಟೆಯನ್ನು ಒತ್ತಿ ನೋಡಿ, ಗಾಬರಿಪಡುವಂಥದ್ದೇನಲ್ಲ ಎಂದರು. “ನೀವು ತಿಂದದ್ದು ನಿಮ್ಮ ಹಾಲಲ್ಲಿ ಅಷ್ಟಿಷ್ಟು ಹೋಗುತ್ತೆ. ಹಸುವಿನ ಹಾಲಿನ ಪ್ರೋಟೀನು ಕೆಲವು ಮಕ್ಕಳ ಕರುಳಿಗೆ ಒಗ್ಗಲ್ಲ. ಮೊಟ್ಟೇದೂ ಇರಬಹುದು. ಮಾಂಸ ತಿನ್ತೀರಾ?” “ಇಲ್ಲ, ನಮ್ಮನೇಲಿ ಯಾರೂ ತಿನ್ನಲ್ಲ. ಮೊಟ್ಟೆ ತಿನ್ತೀವಿ.” “ಹಾಗಾದ್ರೆ ಬಿಡೋಕೆ ಎರಡೇ ಉಳೀತು. ಹಾಲು, ಮೊಸರು, ಬೆಣ್ಣೆ, ಚೀಸು, ಹಾಲಿನ ಪುಡಿ ಹಾಕಿರೋ ಬಿಸ್ಕತ್ತು, ಎಲ್ಲ ಒಂದು ಕಡೆ. ಮೊಟ್ಟೆ ಇನ್ನೊಂದು ಕಡೆ. ಎರಡನ್ನೂ ಇವತ್ತಿಂದಲೇ ಬಿಡಿ.” ಅವಳು, ತರಗತಿಯಲ್ಲಿ ಕೈಯೆತ್ತುವ ಹುಡುಗಿಯ ಹಳೆಯ ಚಟದಲ್ಲಿ, ಕೇಳಿದ್ದಳು: “ಎರಡನ್ನೂ ಒಟ್ಟಿಗೇ ಬಿಟ್ರೆ, ಯಾವುದರಿಂದ ಬಂತು ಅಂತ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?” ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳನ್ನು ಆಗಷ್ಟೇ ಕಂಡವರಂತೆ ನೋಡಿದರು. “ನಿಮಗೆ ಮಗು ಸರಿಹೋಗ್ಬೇಕಾ, ಉತ್ತರ ಬೇಕಾ?” ಪಕ್ಕದಲ್ಲಿ ಮಗುವನ್ನೆತ್ತಿಕೊಂಡಿದ್ದ ಗಂಡ ಜೋರಾಗಿ ನಕ್ಕ. ಡಾಕ್ಟರೂ ನಕ್ಕರು. “ಸ್ವಲ್ಪ ದೊಡ್ಡದಾಗ್ಲಿ, ಆಮೇಲೆ ನಾನೇ ಹೇಳ್ತೀನಿ, ಒಂದೊಂದಾಗಿ ತಿಂದು ನೋಡೋಣ. ಅಲ್ಲೀವರೆಗೆ ನೀವಾಗಿ ಏನೂ ಪರೀಕ್ಷೆ ಮಾಡೋಕೆ ಹೋಗ್ಬೇಡಿ, ಆಯ್ತಾ?” ಅವಳೂ ನಕ್ಕಿದ್ದಳು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ, ಆ ಪ್ರಶ್ನೆಗೆ ಯಾವ ತಾಯಿಯೂ ತಡವರಿಸಲಾರಳು, ತಾನು ಒಂದು ಕ್ಷಣ ತಡವರಿಸಿದೆ, ಅದನ್ನು ಇಬ್ಬರೂ ಕಂಡರು ಎಂಬುದು ಹಲ್ಲಿನ ಸಂದಿಯ ನಾರಿನಂತೆ ನಾಲಗೆಗೆ ಮತ್ತೆಮತ್ತೆ ತಾಗುತ್ತಿತ್ತು.

ಬಿಡುವುದು ಕಷ್ಟವೆಂದು ಎಲ್ಲರೂ ಹೇಳಿದ್ದರು. ಅವಳಿಗೆ ಕಷ್ಟವಾಗಲೇ ಇಲ್ಲ, ಮತ್ತು ಅದರಿಂದಲೇ ಅವಳಿಗೆ ತನ್ನ ಮೇಲೆಯೇ ಸಂಶಯ ಬಂದದ್ದು. ಹೆರಿಗೆಯಾದಾಗಿನಿಂದ ಬಾಯಿಗೆ ಹಾಕಿದ್ದೆಲ್ಲ ಒಂದೇ ರುಚಿಯಾಗಿತ್ತು. ಬಿಟ್ಟದ್ದು ಕೂಡ ಏನೋ ಒಂದನ್ನು ಬಿಟ್ಟಂತೆನಿಸದೆ, ಖಾಲಿ ಕೋಣೆಯಿಂದ ಒಂದು ಕುರ್ಚಿಯನ್ನು ಹೊರಗಿಟ್ಟಷ್ಟೇ ಅನಿಸಿತು. ಪೊಟ್ಟಣಗಳ ಹಿಂಬದಿಯ ಸಣ್ಣಕ್ಷರಗಳನ್ನು ಓದಿದಳು. ಬೇಕರಿಯವನಲ್ಲಿ “ಇದಕ್ಕೆ ಹಾಲು ಹಾಕಿದೀರಾ?” ಎಂದು ಕೇಳಿ, “ಹಾಕ್ದೆ ಇದ್ರೆ ಯಾರು ತಗೋತಾರೆ ಮೇಡಂ, ಇಟ್ಟಿಗೆ ಮಾರೋನು ಪಕ್ಕದಂಗಡಿ” ಎನ್ನಿಸಿಕೊಂಡಳು. ಕರಿ ಚಹಾ, ಗಂಜಿ, ಬೇಯಿಸಿದ ಕಾಳು, ಸೊಪ್ಪು. “ಹಾಲು ಕುಡಿಯದವಳಿಗೆ ಹಾಲು ಎಲ್ಲಿಂದ ಇಳಿಯುತ್ತೆ?” ಎಂದು ಅತ್ತೆ ದಿನಕ್ಕೊಮ್ಮೆಯಾದರೂ ಗೊಣಗಿದರು, ಗೊಣಗುತ್ತಲೇ ಅವಳಿಗೆಂದು ಬೇರೊಂದು ಸಣ್ಣ ಪಾತ್ರೆ, ಬೇರೊಂದು ಬಾಣಲೆ ತಂದು, ಅವುಗಳ ಹಿಡಿಗೆ ಹಸಿರು ನೂಲು ಕಟ್ಟಿಟ್ಟರು. ನಂಬದೆ ಮಾಡುವ ಕೆಲಸವನ್ನು ಅತ್ತೆ ನಂಬಿ ಮಾಡುವುದಕ್ಕಿಂತ ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಕೆಲವು ವಾರಗಳಲ್ಲಿ ರಕ್ತ ನಿಂತಿತು. ಆಗ ತನ್ನನ್ನು ಯಾರಾದರೂ ಏನಾದರೂ ಅನ್ನುತ್ತಾರೆಂದು ಅವಳು ಕಾದಳು. ಹೊಗಳಬೇಕೆಂದಲ್ಲ, ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. “ಹಲ್ಲು ಬರೋಕೆ ಮುಂಚೆ ಹೊಟ್ಟೆ ಹಾಗೇ ಆಗುತ್ತೆ, ಇವನಿಗೂ ಆಗಿತ್ತು” ಎಂದು ಅತ್ತೆ ಮಗನತ್ತ ಕೈ ತೋರಿಸಿದರು. ಲಿಫ್ಟ್ ದುರಸ್ತಿಯ ಕಂಪನಿಯಲ್ಲಿ ಮೇಲ್ವಿಚಾರಕನಾಗಿದ್ದ ಮಗ, ಊಟದ ತಟ್ಟೆಯಿಂದ ತಲೆಯೆತ್ತದೆ, “ಇರಬಹುದು” ಎಂದ. “ಹಾಗಾದ್ರೆ ನಾನು ಬಿಟ್ಟಿದ್ದು?” “ಅದೂ ಇರಬಹುದು. ಈಗ ಚೆನ್ನಾಗಿದೆಯಲ್ಲ? ಓಡ್ತಾ ಇರೋ ಲಿಫ್ಟನ್ನ ಯಾರಾದ್ರೂ ಬಿಚ್ತಾರಾ?”

ಆ ಬೆಳಗ್ಗೆ ನಗರದ ನೀರು ಪರೀಕ್ಷಾಲಯದ ಕೆಲಸಕ್ಕೆ ಹೊರಡುವಾಗ ಅತ್ತೆ ಎಂದಿನಂತೆ ಅವಳ ಬುತ್ತಿಯನ್ನು ಚೀಲಕ್ಕಿಟ್ಟು, ಮಗುವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲವರೆಗೆ ಬಂದರು. ಮಗು ಅತ್ತೆಯ ಕಿವಿಯ ಓಲೆಯನ್ನು ಹಿಡಿದೆಳೆದು ಕೇಕೆ ಹಾಕಿತು. “ಅಯ್ಯೋ ನನ್ನ ಬಂಗಾರದ ಕಳ್ಳೀ, ಕಿವಿಗಿವಿ ಕಿತ್ತು ಕೈಲಿ ಕೊಡ್ತೀಯೇನೇ!” ಅತ್ತೆಯ ಕಣ್ಣನ್ನು ಅದು ಕಣ್ಣಿಟ್ಟು ನೋಡುತ್ತಿತ್ತು. ಅವಳು ಕೈಬೀಸಿ ಮೆಟ್ಟಿಲಿಳಿದಳು. ಪರೀಕ್ಷಾಲಯದಲ್ಲಿ ಅವಳ ಮೇಜಿನ ಮೇಲೆ ಊರಿನ ಬೇರೆಬೇರೆ ನಲ್ಲಿಗಳ ನೀರು ಒಂದೇ ಬಗೆಯ ಬಾಟಲಿಗಳಲ್ಲಿ ಸಾಲಾಗಿ ನಿಂತಿರುತ್ತಿತ್ತು. ಸಾಲಿನ ಕೊನೆಯಲ್ಲಿ, ಏನನ್ನೂ ಬೆರೆಸದ, ಎರಡು ಸಲ ಬಟ್ಟಿಯಿಳಿಸಿದ ನೀರಿನ ಒಂದು ಬಾಟಲಿ. ಮಿಕ್ಕವುಗಳ ಬಣ್ಣ ಬದಲಾದಾಗ ಇದರದು ಬದಲಾಗದಿದ್ದರೆ ಮಾತ್ರ ಫಲಿತಾಂಶಕ್ಕೆ ಬೆಲೆ. ಅವಳಿಗೆ ಆ ಬಾಟಲಿಯ ಮೇಲೆ ಒಂದು ಬಗೆಯ ಗೌರವವಿತ್ತು. ಅದರೊಳಗೆ ಏನೂ ಇಲ್ಲವಾದ್ದರಿಂದಲೇ ಅದು ಅಲ್ಲಿದೆ ಎಂಬುದು, ಇತ್ತೀಚೆಗೆ, ಸ್ವಲ್ಪ ಹತ್ತಿರದ ವಿಷಯವೂ ಆಗಿತ್ತು.

ಹನ್ನೊಂದರ ಸುಮಾರಿಗೆ ಎದೆ ಕಟ್ಟಿ ನೋಯತೊಡಗಿದಾಗ ಅವಳು ಖಾಲಿ ಬಾಟಲಿಗಳನ್ನಿಡುವ ಕೋಣೆಗೆ ಹೋಗಿ, ಚಿಲಕ ಹಿಡಿಯದ ಬಾಗಿಲಿಗೆ ಕುರ್ಚಿಯೊಂದನ್ನು ಒತ್ತಿಟ್ಟು, ಹಾಲು ತೆಗೆಯುವ ಪುಟ್ಟ ಯಂತ್ರವನ್ನು ಹಚ್ಚಿಕೊಂಡಳು. ಯಂತ್ರ ಎಳೆದು, ಬಿಟ್ಟು, ಎಳೆದು, ಬಿಟ್ಟು, ಗೊರಕೆಯಂಥ ಸದ್ದು ಮಾಡುತ್ತಿತ್ತು. ಕಾಲೇಜಿನ ಕೊನೆಯ ವರ್ಷ ಅವರ ತರಗತಿಯನ್ನು ಒಂದು ದೊಡ್ಡ ದನದ ಹಟ್ಟಿಗೆ ಕರೆದೊಯ್ದಿದ್ದರು. ಅಲ್ಲಿಯೂ ಇದೇ ಸದ್ದು, ಆದರೆ ಉದ್ದಕ್ಕೂ ಒಂದು ಸಾಲು. ಕಬ್ಬಿಣದ ಕಂಬಿಗಳ ನಡುವೆ ನಿಂತಿದ್ದ ಹಸುಗಳು ಯಾವುವೂ ತಿರುಗಿ ನೋಡಲಿಲ್ಲ. ಕರುಗಳು ಗೋಡೆಯಾಚೆ ಇದ್ದವು. ಮೊದಲ ಕೆಲವು ದಿನ ಕೂಗಾಡ್ತವೆ, ಆಮೇಲೆ ಎರಡೂ ಕಡೆ ಸುಮ್ಮನಾಗ್ತವೆ ಎಂದು ಅಲ್ಲಿಯ ಮೇಲಾಳು ವಿವರಿಸಿದ್ದ. ಅವಳು ಅದನ್ನು ಬರೆದುಕೊಂಡಿದ್ದಳು. ಅನಂತರ ಎಲ್ಲರಿಗೂ ಬಿಸಿ ಹಾಲು ಕೊಟ್ಟರು, ಅವಳು ಕುಡಿದಿದ್ದಳು, ಚೆನ್ನಾಗಿತ್ತು. ಈ ನೆನಪು ಇಷ್ಟು ವರ್ಷ ಎಲ್ಲಿತ್ತೋ, ಹಾಲು ಬಿಟ್ಟ ಮೇಲೆ ಬಂತು. ಡಾಕ್ಟರು ಹೇಳಿದ್ದಕ್ಕೆಂದು ಬಿಟ್ಟದ್ದು ಯಾವಾಗಲೋ ಡಾಕ್ಟರನ್ನು ದಾಟಿ ಮುಂದೆ ಹೋಗಿತ್ತು. ಅತ್ತೆ ಒಲೆಯ ಮೇಲಿಡುತ್ತಿದ್ದ ಹಾಲಿನ ವಾಸನೆ ಬೇರೆ ಯಾರದೋ ಮೈಯ ವಾಸನೆಯಾಗಿತ್ತು. ಫ್ರಿಜ್ಜಿನ ಬಾಗಿಲಲ್ಲಿ ತಣ್ಣಗೆ ಕುಳಿತಿದ್ದ ಮೊಟ್ಟೆಗಳನ್ನು ಕಂಡರೆ, ಯಾರದೋ ಕೋಣೆಗೆ ತಟ್ಟದೆ ಹೊಕ್ಕಂತಾಗುತ್ತಿತ್ತು. ಮಗು ದೊಡ್ಡದಾಗಿ, ಡಾಕ್ಟರು ಒಂದೊಂದಾಗಿ ಶುರುಮಾಡಿ ಎಂದರೂ ತಾನು ಶುರುಮಾಡಲಾರೆ ಎಂದು ಅವಳು ಒಳಗೇ ತೀರ್ಮಾನಿಸಿದ್ದಳು. ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಅವನು ನಗುತ್ತಾನೆಂದಲ್ಲ. ಅತ್ತೆಯ ಕಿವಿಗೆ ಅದು ಮೊದಲಿನಿಂದಲೂ ಇದ್ದ ಹಟದಂತೆ ಕೇಳೀತು, ಮಗುವಿನ ಹೊಟ್ಟೆ ಬರಿಯ ನೆಪವಾದೀತು ಎಂದು. ಅಷ್ಟು ತೀರ್ಮಾನಿಸಿದವಳು ನಿನ್ನೆ ಒಂದು ಲೋಟ ಹಾಲು ಕುಡಿದಿದ್ದಳು. ಬಾಟಲಿ ತುಂಬಿತು. ಮುಚ್ಚಳ ಹಾಕಿ, ಅವಳು ಅದನ್ನು ಮನೆಗೆ ಒಯ್ಯುವ ಚೀಲದಲ್ಲಿಡದೆ, ಮೂಲೆಯ ತೊಟ್ಟಿಗೆ ಸುರಿದು, ನಲ್ಲಿ ಬಿಟ್ಟಳು. ನಿನ್ನೆ ಸಂಜೆ ಮತ್ತು ರಾತ್ರಿ ಮಗುವಿಗೆ ಎದೆಯಿಂದ ಕುಡಿಸಿಯಾಗಿತ್ತು. ಪರೀಕ್ಷೆಗೆ ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಕೊಡುವುದು ಕ್ರೌರ್ಯ ಎಂದು ಯೋಚಿಸಿದಳು. ಯೋಚಿಸಿ, ಆ ಪದವನ್ನು ತಾನು ಎಲ್ಲಿ ಇಟ್ಟೆ ಎಂಬುದನ್ನು ಗಮನಿಸಿ, ಮುಂದೆ ಯೋಚಿಸಲಿಲ್ಲ.

ನಿನ್ನೆಯದೂ ಏನೂ ದೊಡ್ಡ ಘಟನೆಯಾಗಿರಲಿಲ್ಲ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನಿಂತು, “ಒಂದು ಲೋಟ ಹಾಲು” ಎಂದಿದ್ದಳು. “ಸಕ್ಕರೆ?” “ಬೇಡ.” “ಏನಾದ್ರೂ ಪುಡಿ ಗಿಡಿ ಹಾಕ್ಲಾ?” “ಏನೂ ಬೇಡ, ಬರೀ ಹಾಲು.” “ಸಪ್ಪೆ ಹಾಲು ಬೆಕ್ಕು ಕುಡಿಯುತ್ತೆ ತಾಯೀ,” ಎಂದು ಅಂಗಡಿಯವನು ಲೋಟ ಚಾಚಿದ, ಅಕ್ಕಪಕ್ಕದವರು ನಕ್ಕರು. ಅವರಿಗೆ ಹೇಗೆ ಹೇಳುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಸಕ್ಕರೆಯೂ ಎರಡನೆಯದೇ ಎಂದು? ಕುಡಿದಳು. ಕೆನೆ ತುಟಿಗೆ ಅಂಟಿತು. ಅಷ್ಟು ದಿನದ ಮೇಲೆ ಅಸಹ್ಯವಾಗಬೇಕಿತ್ತು, ಇಲ್ಲವೇ ರುಚಿಸಬೇಕಿತ್ತು; ಬೆಚ್ಚಗಿನ ತೇವ ಗಂಟಲಿಳಿಯಿತು, ಅಷ್ಟೆ. ಆಗ ಅವಳಿಗೆ ಅನ್ನಿಸಿದ್ದು ಇಷ್ಟು: ಈಗ ಗೊತ್ತಾಗುತ್ತದೆ. ರಕ್ತ ಬಂದರೆ ಹಾಲಿನದೇ ತಪ್ಪು, ತಾನು ಹೇಳಿದ್ದು ನಿಜ. ಬಾರದಿದ್ದರೆ ಮೊಟ್ಟೆಯದು, ಇಲ್ಲವೇ ಅತ್ತೆ ಹೇಳುವಂತೆ ಯಾವುದರದೂ ಅಲ್ಲ. ಮಗು ಸರಿಯಿರಲಿ ಎಂಬುದು ಎಲ್ಲಕ್ಕಿಂತ ಮುಂಚೆ ಇತ್ತು, ಖಂಡಿತ ಇತ್ತು, ನೆಲದ ಹಾಗೆ, ಹೇಳಬೇಕಾದ ಅಗತ್ಯವಿಲ್ಲದಷ್ಟು ಇತ್ತು. ಆದರೆ ನೆಲದ ಮೇಲೆ ನಿಂತು ಅವಳು ಕೈಚಾಚಿದ್ದು ಬೇರೆಯದಕ್ಕೆ. ಒಂದೇ ಒಂದು ಸಲ, ಆ ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಇಬ್ಬರೂ ತಟ್ಟೆಯಿಂದ ತಲೆಯೆತ್ತಿ ತನ್ನನ್ನು ನೋಡಿ, ಹೌದು, ನೀನು ಹೇಳಿದ್ದೇ ಸರಿ ಎನ್ನಬೇಕಿತ್ತು.

ಮಧ್ಯಾಹ್ನ ಮುಖ್ಯಸ್ಥರ ಬಡ್ತಿಯ ಕೇಕು ಬಂತು. ಅವಳ ಪಕ್ಕದ ಮೇಜಿನ ಹಿರಿಯಾಕೆ, ಎಲ್ಲರಿಗೂ ಅಕ್ಕ, ಪ್ರಯೋಗದ ಚಾಕುವನ್ನೇ ಸ್ಪಿರಿಟ್ಟಿನಲ್ಲಿ ಒರೆಸಿ ಕೇಕು ಕತ್ತರಿಸಿ, ಪರೀಕ್ಷೆಯ ದುಂಡು ಗಾಜಿನ ಮುಚ್ಚಳಗಳಲ್ಲಿ ಹಂಚಿದಳು. ಅವಳು ಬೇಡವೆಂದಳು. “ಏನಮ್ಮ ಇದು,” ಎಂದರು ಮುಖ್ಯಸ್ಥರು, ಬಾಯ್ತುಂಬ ಕೇಕಿಟ್ಟುಕೊಂಡು, “ಮಾಂಸ ತಿನ್ನಲ್ಲ ಗೊತ್ತಿತ್ತು. ಕೇಕಿಗೂ ನಾಲ್ಕು ಕಾಲಿದೆಯಾ ಈಗ?” ಎಲ್ಲರೂ ನಕ್ಕರು. “ಸರ್, ಮಗುಗೆ ಆಗಲ್ಲ,” ಎಂದು ಅಕ್ಕ ಅವಳ ಪರವಾಗಿ ಬಾಯಿ ಹಾಕಿದಳು. “ಇವಳು ತಿಂದ್ರೆ ಅದರ ಹೊಟ್ಟೆ ಕೆಡುತ್ತೆ. ಹಾಲಲ್ಲಿ ಹೋಗುತ್ತಂತೆ.” ನಗು ನಿಂತಿತು. ಒಂದು ಕ್ಷಣ ಅಲ್ಲಿದ್ದ ಗಂಡಸರ ಕಣ್ಣುಗಳೆಲ್ಲ, ಬೇಕೆಂದಲ್ಲ, ಅವಳ ಎದೆಗಿಳಿದು, ತಟ್ಟನೆ ಬೇರೆಬೇರೆ ದಿಕ್ಕಿಗೆ ಚೆದುರಿದವು. ಮುಖ್ಯಸ್ಥರು ಕೆಮ್ಮಿದರು. “ಸಾರಿ ಅಮ್ಮ, ಗೊತ್ತಿರ್ಲಿಲ್ಲ. ದೊಡ್ಡ ವಿಷಯ. ತಾಯಿ ಅಂದ್ರೆ ಹಾಗಿರ್ಬೇಕು.” “ನಾನಾಗಿದ್ರೆ ಒಂದು ವಾರ ತಡೀತಿರ್ಲಿಲ್ಲ,” ಎಂದಳು ಅಕ್ಕ. “ಒಂದು ದಿನಾನಾದ್ರೂ ಬಾಯಿ ಚಪಲಕ್ಕೆ ತಿಂದಿದಾಳಾ ಕೇಳಿ? ಎದುರಿಗೇ ಇದ್ರೂ ಮುಟ್ಟಲ್ಲ!” ಅವಳು ನೆಲದ ಹಾಸುಗಲ್ಲಿನ ಬಿರುಕೊಂದನ್ನು ನೋಡುತ್ತ ನಿಂತಿದ್ದಳು. ಕೇಕಿನಲ್ಲಿ ಮೊಟ್ಟೆಯಿತ್ತು. ನಿನ್ನೆಯದು ಹಾಲು ಮಾತ್ರ. ಇವತ್ತು ಮೊಟ್ಟೆ ಬೆರೆತರೆ ನಿನ್ನೆ ಕುಡಿದದ್ದು ವ್ಯರ್ಥವಾಗುತ್ತಿತ್ತು. ಅವಳು ಕೇಕನ್ನು ಮುಟ್ಟದಿದ್ದುದಕ್ಕೆ ಅದೊಂದೇ ಕಾರಣವೋ ಅಲ್ಲವೋ ಎಂದು ತನ್ನನ್ನು ಕೇಳಿಕೊಂಡು, ಉತ್ತರ ಬರುವ ಮುಂಚೆಯೇ ಮೇಜಿಗೆ ಹಿಂದಿರುಗಿ, ಬಾಟಲಿಯೊಂದರ ಮುಚ್ಚಳ ತೆರೆದಳು. ಅಕ್ಕ ಹಾದುಹೋಗುವಾಗ ಅವಳ ಬೆನ್ನು ತಟ್ಟಿದಳು. ತಟ್ಟಿದ ಜಾಗ ಬಹಳ ಹೊತ್ತು, ಬಟ್ಟೆಗೆ ಮುಳ್ಳು ಸಿಕ್ಕಿದ ಹಾಗೆ, ಅಲ್ಲೇ ಇತ್ತು.

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರಿನ ಸೀಟಿನಲ್ಲಿ ಹೆಂಗಸೊಬ್ಬಳು ತನ್ನ ಮಗುವಿನ ಮೂಗನ್ನು ಸೆರಗಿನ ತುದಿಯಿಂದ ಒರೆಸಿ, ಒರೆಸಿದ ಜಾಗಕ್ಕೇ ಮುತ್ತಿಟ್ಟಳು. ಯಾಕೆಂದು ಯಾರೂ ಕೇಳದ, ಏನನ್ನೂ ಸಾಬೀತುಮಾಡದ ಕೆಲಸ. ಅವಳು ಅದನ್ನು ನೋಡಿದಳು. ಮಗು ಹುಟ್ಟಿದ ದಿನ ಅದನ್ನು ಒರೆಸಿ, ಬಟ್ಟೆ ಸುತ್ತಿ ಎದೆಯ ಮೇಲಿಟ್ಟಾಗ, ಸುತ್ತ ನಿಂತವರೆಲ್ಲ ಅವಳ ಮುಖವನ್ನು ನೋಡುತ್ತಿದ್ದರು, ಈಗ ಬರುತ್ತದೆ, ಈಗ ಬಂತು ಎನ್ನುವ ಹಾಗೆ. ಅವಳು ನಕ್ಕಿದ್ದಳು. ನಗು ಸರಿಯಾಗಿಯೇ ಬಂದಿತ್ತು, ಫೋಟೋದಲ್ಲೂ ಚೆನ್ನಾಗಿ ಬಿದ್ದಿತ್ತು. ಅಂದಿನಿಂದ ಅವಳು ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದಳು. ಉಗುರು ಕತ್ತರಿಸುವುದನ್ನು, ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡುವುದನ್ನು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಲಗಿಸುವುದನ್ನು. ಮತ್ತು ಹಾಲು ಬಿಡಬೇಕೆಂದಾಗ ಬಿಟ್ಟಳು, ಯಾರೂ ಬಿಡದಷ್ಟು ಚೆನ್ನಾಗಿ ಬಿಟ್ಟಳು, ಏಕೆಂದರೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು, ಅದನ್ನು ಮಾಡಿದರೆ ತಾಯಿಯಾದದ್ದು ಕಾಣುತ್ತದೆ, ಅಳೆಯಲು ಬರುತ್ತದೆ. ಅದನ್ನು ಕೂಡ ಅವರು, ಹಲ್ಲು ಬರುವ ಮುಂಚೆ ಹಾಗಾಗುತ್ತದೆ ಎಂದು, ಊಟದ ತಟ್ಟೆಯ ಪಕ್ಕ ಎಂಜಲಿನ ಹಾಗೆ ಸರಿಸಿಬಿಟ್ಟಿದ್ದರು.

ಮನೆಯ ಬಾಗಿಲು ತೆರೆದೇ ಇತ್ತು. ಮಗು ಅಳುತ್ತಿತ್ತು, ಹಸಿವಿನ ಅಳುವಲ್ಲ, ಕಾಲನ್ನು ಹೊಟ್ಟೆಗೆ ಸೆಳೆದುಕೊಂಡು ಬಿಟ್ಟುಬಿಟ್ಟು ಅಳುವ ಅಳು, ಅದನ್ನು ಅವಳು ಮರೆತಿರಲಿಲ್ಲ. “ಮಧ್ಯಾಹ್ನದಿಂದ ಹೀಗೇ ಮುಲುಗ್ತಾ ಇದೆ,” ಎಂದು ಅತ್ತೆ ಮಗುವನ್ನು ಭುಜಕ್ಕೆ ಹಾಕಿಕೊಂಡು ಓಡಾಡುತ್ತಿದ್ದರು. “ಕೊಡಿ ಅತ್ತೆ, ಬಟ್ಟೆ ನೋಡ್ತೀನಿ.” ಕೈ ಕಾಲು ತೊಳೆದು, ಟವೆಲ್ ಹಾಸಿ, ಮಗುವನ್ನು ಮಲಗಿಸಿ, ಗಂಟು ಬಿಚ್ಚಿದಳು. ಇತ್ತು. ಹಸಿರು ಲೋಳೆಯ ನಡುವೆ ಕೆಂಪು ಎಳೆಗಳು, ಒಂದಲ್ಲ, ಹಲವು, ಯಾರೋ ಬರೆಯಲು ಹೋಗಿ ಕೈ ನಡುಗಿಸಿದಂತೆ. ಆಗ ಅವಳ ಎದೆಯಲ್ಲಿ ಏನೋ ಎದ್ದಿತು. ತಿಂಗಳುಗಳ ಮೇಲೆ ಮೊದಲ ಸಲ, ಮರಗಟ್ಟಿದ ಕಾಲಿಗೆ ರಕ್ತ ಹರಿದಾಗಿನಂತೆ, ಚುಚ್ಚಿಕೊಂಡು ಬೆಚ್ಚಗೆ ಎದ್ದಿತು. ಅದು ಏನೆಂದು ಅವಳಿಗೆ ಗುರುತಿಸಲು ಕ್ಷಣ ಬೇಕಾಯಿತು. ಸಂತೋಷ. ಸರಿ, ಎಂದುಕೊಂಡಳು. ನಾನು ಹೇಳಿದ್ದೇ ಸರಿ. ಕೆಳಗೆ ಮಗು ಉಸಿರುಗಟ್ಟಿ ಕೆಂಪಾಗಿ, ಮುಷ್ಟಿ ಬಿಗಿಹಿಡಿದು, ಮೊದಲ ಸಲ ನೆಟ್ಟಗೆ ಅವಳ ಕಣ್ಣನ್ನೇ ನೋಡಿತು. ಎದ್ದದ್ದು ಎದ್ದಷ್ಟೇ ಬೇಗ ಇಳಿದುಹೋಯಿತು. ಇಳಿದ ಮೇಲೆ ಅಲ್ಲಿ ಏನೂ ಉಳಿಯಲಿಲ್ಲ, ಗಾಬರಿಯೂ.

“ಏನು? ಏನಾಯ್ತು?” ಹಿಂದಿನಿಂದ ಬಗ್ಗಿದ ಅತ್ತೆ ಬಟ್ಟೆಯನ್ನು ನೋಡಿದರು. ಗೋಡೆ ಹಿಡಿದು, ಹಾಗೆಯೇ ಜಾರಿ, ನೆಲದ ಮೇಲೆ ಕುಳಿತುಬಿಟ್ಟರು. ಆಮೇಲೆ, ಅವಳು ಎಂದೂ ಕೇಳಿರದ ಸಣ್ಣ ದನಿಯಲ್ಲಿ, “ನಾನೇ ಮಾಡಿದ್ದು ಕಣಮ್ಮ” ಎಂದರು. ಅವಳು ತಿರುಗಿ ನೋಡಿದಳು. “ಮೊನ್ನೆ ರಾತ್ರಿ. ನಿನ್ನ ಗಂಜಿ ಒಲೆ ಮೇಲಿತ್ತು, ಪಕ್ಕದಲ್ಲಿ ಹಾಲು ಉಕ್ಕೋಕೆ ಬಂತು. ಅವಸರದಲ್ಲಿ ಗಂಜಿ ಸೌಟನ್ನೇ ಹಾಲಿಗೆ ಹಾಕಿ ತಿರುವಿದೆ. ತಿರುವಿ ಅದನ್ನೇ ವಾಪಸ್ಸು ಗಂಜಿಗೆ ಹಾಕ್ಬಿಟ್ಟೆ. ಆಮೇಲೆ ನೋಡ್ಕೊಂಡೆ. ಚೆಲ್ಲೋಣ ಅಂದ್ಕೊಂಡೆ. ಒಂದು ಸೌಟು ತಾನೇ, ಅಂಟಿದ್ದು ಎಷ್ಟಿರುತ್ತೆ, ಇದೆಲ್ಲ ಇವಳ ಭ್ರಮೆ ಅಂದ್ಕೊಂಡು ಬಡಿಸ್ಬಿಟ್ಟೆ. ಮಹಾ ಗೊತ್ತಿರೋಳ ಹಾಗೆ!” ಅತ್ತೆ ತಮ್ಮ ಹಣೆಗೆ ತಾವೇ ಹೊಡೆದುಕೊಂಡರು, ಎರಡು ಸಲ, ಜೋರಾಗಿಯಲ್ಲ, ಬಾಗಿಲು ತಟ್ಟುವಂತೆ. “ನಾನು ನಂಬ್ಲಿಲ್ಲ. ನೀನು ಬಾಯಿ ಕಟ್ಟಿ ಇಷ್ಟು ದಿನ ಕಾಪಾಡಿದ್ದನ್ನ ನಾನು ಒಂದು ಸೌಟಲ್ಲಿ ಹಾಳು ಮಾಡ್ದೆ.”

ಸೌಟಿಗೆ ಅಂಟಿದ ಹಾಲು, ಒಂದು ಪಾತ್ರೆ ಗಂಜಿಯಲ್ಲಿ ಕರಗಿದ್ದು. ಅವಳ ಮನಸ್ಸು ತಾನಾಗಿಯೇ ಅದನ್ನು ಲೋಟದ ಪಕ್ಕದಲ್ಲಿಟ್ಟು ಅಳೆಯಿತು. ಅಳೆದು ನೋಡುವಂಥದ್ದೇನೂ ಇರಲಿಲ್ಲ. ಅದರ ಜೊತೆಗೆ ಇನ್ನೊಂದೂ ಹೊಳೆಯಿತು, ಮತ್ತು ಅದು ಅವಳನ್ನು ಕಾಡಬೇಕಾದದ್ದಕ್ಕಿಂತ ಹೆಚ್ಚು ಕಾಡಿತು: ಮೊನ್ನೆ ಸೌಟು, ನಿನ್ನೆ ಲೋಟ. ಒಂದನ್ನೇ ಬದಲಿಸಿದೆನೆಂದುಕೊಂಡಾಗ ಎರಡು ಬದಲಾಗಿದ್ದವು. ಪ್ರಯೋಗ ಕೆಟ್ಟಿತ್ತು. ಹಾಲೇ ಹೌದು ಎಂದಷ್ಟೇ ಹೇಳಬಹುದಿತ್ತು. ಯಾರ ಹಾಲು ಎಂದು ಪರೀಕ್ಷೆಯ ಮೂಲಕ ಹೇಳಲು ಇನ್ನು ಯಾರಿಗೂ ಸಾಧ್ಯವಿರಲಿಲ್ಲ. ಅವಳಿಗೆ ಮಾತ್ರ ಪರೀಕ್ಷೆಯ ಅಗತ್ಯವಿರಲಿಲ್ಲ. ‘ಅತ್ತೆ, ಅದು ಸೌಟಲ್ಲ’ ಎಂಬ ಮಾತು ನಾಲಗೆಯವರೆಗೆ ಬಂದು, ಅಲ್ಲಿ ರುಚಿಯಿಲ್ಲದೆ ನಿಂತಿತು. ಅಷ್ಟರಲ್ಲಿ ಗಂಡ ಬಂದ. ಬಾಗಿಲಲ್ಲೇ ನಿಂತು ಅಳುವ ಮಗುವನ್ನು, ನೆಲದ ಮೇಲಿನ ತಾಯಿಯನ್ನು, ಬಟ್ಟೆಯನ್ನು ನೋಡಿದ. ಅತ್ತೆ ಸೌಟಿನ ಕತೆಯನ್ನು ಮೊದಲಿನಿಂದ, ಒಂದು ಮಾತನ್ನೂ ತಮಗೆ ರಿಯಾಯಿತಿ ಕೊಡದೆ, ಮತ್ತೆ ಹೇಳಿದರು. “ಎಷ್ಟು ಸಲ ಹೇಳಿದಾಳೆ ಅಮ್ಮ ನಿಂಗೆ!” ಎಂದು ಅವನು ದನಿಯೇರಿಸಿದ. “ಎಲ್ಲಾನೂ ನಿಂದೇ ಲೆ‍ಕ್ಕ. ನನಗೆ ಆಗಿತ್ತು, ಹಲ್ಲು ಬರುತ್ತೆ, ಅದೂ ಇದೂ. ಇವಳೇನು ಹುಚ್ಚೀನಾ?” ಅತ್ತೆ ಬಾಯಿಗೆ ಸೆರಗಿಟ್ಟುಕೊಂಡರು. ಅವನು ಹೆಂಡತಿಯ ಕಡೆ ತಿರುಗಿ, ದನಿಯಿಳಿಸಿ, ಅವಳು ಕಾದಿದ್ದ ಮಾತುಗಳನ್ನು ಅವಳು ಕಾದಿದ್ದ ಕ್ರಮದಲ್ಲೇ ಹೇಳಿದ: “ನೀನು ಹೇಳಿದ್ದೇ ಸರಿ. ನಾನೂ ನಂಬ್ಲಿಲ್ಲ. ತಪ್ಪಾಯ್ತು.” ಅತ್ತೆ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಇಬ್ಬರೂ ಅವಳನ್ನೇ ನೋಡುತ್ತಿದ್ದರು.

ಈಗ ಹೇಳಬಹುದಿತ್ತು. ಹೇಳಿದರೆ ಅತ್ತೆ ನೆಲದಿಂದ ಏಳುತ್ತಾರೆ. ಅವಳಿಗೆ ಅದು ಸ್ಪಷ್ಟವಾಗಿ ಕಂಡಿತು, ಗೋಡೆಗೆ ಕೈಕೊಟ್ಟು ಅವರು ಏಳುವ ರೀತಿ, ಎದ್ದ ಮೇಲೆ ಅವಳನ್ನು ನೋಡುವ ನೋಟ. “ಪರವಾಗಿಲ್ಲ ಅತ್ತೆ,” ಎಂದಳು. “ನೀವೇನು ಬೇಕೂಂತ ಮಾಡಿದ್ರಾ?” ದನಿ ಮೆತ್ತಗೆ, ಸರಿಯಾಗಿ ಬಂತು. ಮಗುವನ್ನು ತೊಳೆದು, ಒರೆಸಿ, ಹೊಸ ಬಟ್ಟೆ ಕಟ್ಟಿದಳು. ಅದು ಈಗ ಹಸಿವಿಗೆ ಅಳುತ್ತಿತ್ತು. ಅಳು ಕೇಳಿದೊಡನೆ ಅವಳ ಎದೆಯಲ್ಲಿ ಹಾಲು ತಾನಾಗಿ ಇಳಿದು ರವಿಕೆ ಒದ್ದೆಯಾಯಿತು. ಆ ಹಾಲಿನಲ್ಲಿ ನಿನ್ನೆಯ ಲೋಟ ಇನ್ನೂ ಇತ್ತು. “ಕುಡಿಸಮ್ಮ, ಪಾಪ,” ಎಂದರು ಅತ್ತೆ. “ಇವತ್ತು ಬೇಡ ಅತ್ತೆ. ಎರಡು ಮೂರು ದಿನ ಎದೆಹಾಲು ಬೇಡ. ಫ್ರೀಜರಲ್ಲಿ ಹಳೇದು ತೆಗೆದಿಟ್ಟಿದೀನಿ.” “ಯಾಕೆ?” ಗಂಡನೂ ಅದನ್ನೇ ಕೇಳುವವನಂತೆ ನೋಡಿದ. ಮಗುವಿಗೆ ಕೊಡಬಾರದು, ಕೊಡದಿರಲು ಕಾರಣ ಬೇಕು, ಕಾರಣ ಎದುರಿಗೇ ನೆಲದ ಮೇಲೆ ಕುಳಿತಿತ್ತು. “ಸೌಟಿನದು ಇನ್ನೂ ಇರಬಹುದು,” ಎಂದಳು.

ಫ್ರೀಜರಿನ ಕೆಳಗಿನ ಅರೆಯಲ್ಲಿ ಹಾಲಿನ ಬಾಟಲಿಗಳು ಹಿಮ ಹಿಡಿದು ನಿಂತಿದ್ದವು. ನಿನ್ನೆಗೂ ಮುಂಚೆ, ಹಲವು ದಿನಗಳಿಂದ, ಕೆಲಸದಿಂದ ತಂದದ್ದರಲ್ಲಿ ಸ್ವಲ್ಪಸ್ವಲ್ಪ ಉಳಿಸಿ, ಬೇಕಾದೀತೆಂದು ಅವಳೇ ಕೂಡಿಟ್ಟದ್ದು. ಯಾವುದಕ್ಕೆ ಬೇಕಾದೀತೆಂದು ಆಗ ತನಗೆ ತಾನೂ ಹೇಳಿಕೊಂಡಿರಲಿಲ್ಲ. ಒಂದನ್ನು ಬಿಸಿನೀರಿನಲ್ಲಿಟ್ಟು, ಕರಗಿದ ಮೇಲೆ ಮಣಿಕಟ್ಟಿನ ಒಳಬದಿಗೆ ಹನಿಸಿ ನೋಡಿದಳು. ಹಿಂದಿನಿಂದ ಅತ್ತೆ ಅಡುಗೆಮನೆಗೆ ಬಂದು, ಅವಳನ್ನು ದಾಟದೆ, ಬಾಗಿಲ ಬಳಿಯೇ ನಿಂತರು. ಒಲೆಯ ಮೇಲಿನ ಹಾಲಿನ ಪಾತ್ರೆಯನ್ನು ಗಂಡ ಆಗಲೇ ಎತ್ತಿ ತೊಟ್ಟಿಗೆ ಸುರಿದು ಹೋಗಿದ್ದ. “ಇನ್ಮೇಲೆ ನಾನೂ ಕುಡಿಯಲ್ಲ,” ಎಂದರು ಅತ್ತೆ. “ಮನೇಲೇ ಇಲ್ದೆ ಇದ್ರೆ ತಪ್ಪಾಗೋದೇ ಇಲ್ಲ.” ಹಾಲಿಲ್ಲದ ಮನೆಯನ್ನು ಅವಳು ಎಷ್ಟೋ ಸಲ ಬಯಸಿದ್ದಳು. “ಹೂಂ” ಎಂದಳು. ಅತ್ತೆ ಇನ್ನೂ ನಿಂತೇ ಇದ್ದರು, ಈ ಮಗುವನ್ನು ಹುಟ್ಟಿದ ದಿನದಿಂದ ಸೊಂಟದಿಂದ ಇಳಿಸದವರು, ತಲೆ ಬಾಗಿಸಿ, ಕೂಲಿ ಕೇಳುವವರಂತೆ ಕೇಳಿದರು: “ಬಾಟ್ಲಿ ನಾನು ಹಿಡೀಲಾ? ಹಿಡೀಬಹುದಾ?”

ಹೂಂ ಎನ್ನಲು ಬಾಯಿ ತೆರೆದಳು. “ಕೈ ತೊಳ್ಕೊಂಡು ಬನ್ನಿ ಅತ್ತೆ,” ಎಂದಳು.

ಅತ್ತೆ ಹೋದರು. ಬಚ್ಚಲುಮನೆಯ ನಲ್ಲಿ ತೆರೆದ ಸದ್ದು ಬಂತು, ಸೋಪಿನ ಡಬ್ಬಿ ಕೆಳಗೆ ಬಿದ್ದ ಸದ್ದು, ಮತ್ತೆ ನೀರಿನದು. ಅದು ನಿಲ್ಲುತ್ತದೆಂದುಕೊಂಡಾಗಲೆಲ್ಲ ಮುಂದುವರಿಯಿತು. ಹಾಲು ಆರತೊಡಗಿತು. ಕೊನೆಗೆ ಅತ್ತೆ ಬಂದು, ತೋಳಿನವರೆಗೂ ಒದ್ದೆಯಾಗಿ, ಬೆರಳುಗಳ ತುದಿ ಬಿಳಿಚಿಕೊಂಡ ಎರಡೂ ಕೈಗಳನ್ನು ಅವಳ ಮುಂದೆ ಚಾಚಿ, ಮೊದಲು ಅಂಗೈ, ಆಮೇಲೆ ಹಿಂಗೈ, ತಿರುಗಿಸಿ ತೋರಿಸಿದರು.

ಅವಳು ಬಗ್ಗಿ ನೋಡಿದಳು.